ಕುಂಬಳಕಾಯಿಯ ದೀಪ, ನೆರೆಹೊರೆಯ ತೋಟ

ಅಕ್ಟೋಬರ್ ತಿಂಗಳು ಮುಗಿಯುತ್ತ ಬಂದಿತೆಂದರೆ ನ್ಯೂಯಾರ್ಕ್ ನಗರದ ಮರಗಳು ಹೊಂಬಣ್ಣಕ್ಕೆ ತಿರುಗಿ ಎಲೆಯುದುರಿಸಲು ಅಣಿಯಾಗುತ್ತವೆ. ಆ ತಿಂಗಳ 31ರ ಸಂಜೆ ಅಲ್ಲಿ ‘ಹ್ಯಾಲೋವೀನ್’ ಹಬ್ಬ. ಮಕ್ಕಳು ಭೂತಪ್ರೇತಗಳ ವೇಷ ಧರಿಸಿ, ಮನೆಮನೆಯ ಬಾಗಿಲು ತಟ್ಟಿ ಮಿಠಾಯಿ ಬೇಡುವರು. ತಿರುಳು ತೆಗೆದು ಕಣ್ಣು ಬಾಯಿ ಕೊರೆದ ಕುಂಬಳಕಾಯಿಗಳಲ್ಲಿ ದೀಪ ಉರಿಯುವುದು.

ಈ ಆಚರಣೆಯ ಬೇರು ಐರ್ಲೆಂಡ್, ಸ್ಕಾಟ್ಲೆಂಡುಗಳಲ್ಲಿದೆ. ಸುಗ್ಗಿ ಮುಗಿದು ಚಳಿಗಾಲ ಕಾಲಿಡುವ ಆ ಸಂಧಿಕಾಲದಲ್ಲಿ ಸತ್ತವರ ಆತ್ಮಗಳು ಮರಳುತ್ತವೆಂಬುದು ಅಲ್ಲಿನ ಹಳೆಯ ನಂಬಿಕೆ. ಐರಿಷರು ಟರ್ನಿಪ್ ಗಡ್ಡೆಯನ್ನು ಕೊರೆದು ದೀಪವಿಡುತ್ತಿದ್ದರು. 19ನೆಯ ಶತಮಾನದಲ್ಲಿ ವಲಸೆ ಬಂದವರಿಗೆ ಅಮೆರಿಕದ ದಪ್ಪ ಕುಂಬಳಕಾಯಿ ಇನ್ನೂ ಅನುಕೂಲವಾಗಿ ಒದಗಿತು. ಮಹಾಲಯ ಅಮಾವಾಸ್ಯೆಯಂದು ಪಿತೃಗಳಿಗೆ ಎಡೆಯಿಡುವ, ಆಯುಧಪೂಜೆಯಂದು ಬೂದುಗುಂಬಳ ಒಡೆಯುವ ನಮಗೆ ಈ ಭಾವ ತೀರ ಅಪರಿಚಿತವೇನಲ್ಲ.

ಆದರೆ ಹಬ್ಬಕ್ಕೆ ಅಂಗಳ ಬೇಡವೆ? ಮಹಡಿಯ ಮೇಲೆ ಮಹಡಿ ಏರಿದ ಬಾಡಿಗೆಮನೆಗಳ ಮಕ್ಕಳಿಗೆ ಅಂಗಳವೆಲ್ಲಿಯದು? ಇದಕ್ಕೆ ಉತ್ತರ ದೊರೆತದ್ದು ಪಾಳುಬಿದ್ದ ನಿವೇಶನಗಳಲ್ಲಿ. 1973ರಲ್ಲಿ ಲಿಜ್ ಕ್ರಿಸ್ಟಿ ಎಂಬ ಕಲಾವಿದೆ ತನ್ನ ಸಂಗಡಿಗರೊಡನೆ ಬವರಿ ಮತ್ತು ಹ್ಯೂಸ್ಟನ್ ಬೀದಿಗಳು ಕೂಡುವೆಡೆಯಲ್ಲಿದ್ದ ಕಸದ ರಾಶಿಯನ್ನು ತೆಗೆಸಿ ತೋಟ ಮಾಡಿದಳು. ಮರುವರ್ಷ ನಗರಾಡಳಿತ ಆ ನೆಲವನ್ನು ತಿಂಗಳಿಗೆ 1 ಡಾಲರ್ ಬಾಡಿಗೆಗೆ ಕೊಟ್ಟಿತು. ಅಂಥ ತೋಟಗಳು ಇಂದು ನಗರದಲ್ಲಿ 500ಕ್ಕೂ ಹೆಚ್ಚು. ಶರತ್ಕಾಲ ಬಂದಾಗ ನೆರೆಯವರು ಅಲ್ಲಿ ಕೊನೆಯ ಟೊಮ್ಯಾಟೊ ಕೊಯ್ದು, ವಸಂತದ ಹೂಗಳಿಗಾಗಿ ಗಡ್ಡೆ ನೆಡುತ್ತಾರೆ. ಹಬ್ಬದ ದಿನಗಳಲ್ಲಿ ಅನೇಕ ತೋಟಗಳೊಳಗೆ ಮಕ್ಕಳು ಕುಂಬಳಕಾಯಿ ಕೊರೆಯುತ್ತಾರೆ, ವೇಷ ತೊಟ್ಟು ಮೆರವಣಿಗೆ ಹೋಗುತ್ತಾರೆ.

ಈ ನೆಲ ಸುಲಭವಾಗಿ ಉಳಿದುದಲ್ಲ. 1999ರಲ್ಲಿ ಮೇಯರ್ ಜುಲಿಯಾನಿಯವರ ಆಡಳಿತ ನೂರಕ್ಕೂ ಹೆಚ್ಚು ತೋಟಗಳನ್ನು ಹರಾಜಿಗಿಟ್ಟಿತು. ನಗರಕ್ಕೆ ಮನೆಗಳೂ ಬೇಕು ಎಂಬ ವಾದವನ್ನು ತಳ್ಳಿಹಾಕುವಂತಿರಲಿಲ್ಲ. ಆದರೆ ಕಾಲು ಶತಮಾನ ಬೆವರು ಸುರಿಸಿದವರು ಬೀದಿಗಿಳಿದರು. ಹರಾಜಿನ ಮುನ್ನವೇ ಟ್ರಸ್ಟ್ ಫಾರ್ ಪಬ್ಲಿಕ್ ಲ್ಯಾಂಡ್ ಸಂಸ್ಥೆಯೂ ನಟಿ ಬೆಟ್ ಮಿಡ್ಲರ್ ಸ್ಥಾಪಿಸಿದ ಸಂಸ್ಥೆಯೂ ಸುಮಾರು 42 ಲಕ್ಷ ಡಾಲರ್ ತೆತ್ತು ಅವನ್ನು ಕೊಂಡುಕೊಂಡವು.

ಹಬ್ಬ ಕಳೆದ ಮೇಲೆ ಕುಂಬಳಕಾಯಿಗಳ ಗತಿಯೇನು? ಕಸದೊಡನೆ ಹೂಳಿದರೆ ಅವು ಗಾಳಿಯಿಲ್ಲದೆ ಕೊಳೆತು, ಭೂಮಿಯ ಬಿಸಿಯೇರಿಸುವ ಮೀಥೇನ್ ಅನಿಲವನ್ನು ಹೊರಸೂಸುತ್ತವೆ. ಆದುದರಿಂದ ನವೆಂಬರಿನ ಮೊದಲ ವಾರಗಳಲ್ಲಿ ಕೆಲವು ತೋಟಗಳಿಗೆ ಮಕ್ಕಳು ಅವನ್ನು ಹೊತ್ತು ತಂದು, ನೆಲಕ್ಕಪ್ಪಳಿಸಿ ಒಡೆದು, ಉದುರಿದ ಎಲೆಗಳೊಡನೆ ಗೊಬ್ಬರದ ರಾಶಿಗೆ ಸೇರಿಸುತ್ತಾರೆ. ಹಬ್ಬದ ರಾತ್ರಿ ತಮ್ಮನ್ನು ಹೆದರಿಸಿದ ಮುಖವನ್ನು ಹೀಗೆ ಪುಡಿಮಾಡುವಾಗ ಅವರಿಗೆ ಎಲ್ಲಿಲ್ಲದ ಉತ್ಸಾಹ! ವಸಂತ ಬಂದಾಗ ಆ ಗೊಬ್ಬರವನ್ನು ಪಾತಿಗೆ ಹರಡುವವರೂ ಅವರೇ.