ಸ್ವಲೀನತೆ ಮತ್ತು ಮಗುವಿನ ಹೊಟ್ಟೆನೋವು

2017ರಲ್ಲಿ ಆಂಧ್ರದ ಶಾಲೆಗಳಲ್ಲಿ ದಡಾರ-ರುಬೆಲ್ಲಾ ಲಸಿಕೆ ಹಾಕಿದುದನ್ನು ಆದೋನಿ, ಹೊಳಗುಂದ ಭಾಗದ ಶಿಕ್ಷಕರು ಬಲ್ಲರು. ಇಂಥ ಲಸಿಕೆಯಿಂದ ಸ್ವಲೀನತೆ ಬರುವುದೆಂಬ ಶಂಕೆಗೆ ಮೂಲ 1998ರ ಒಂದು ಲೇಖನ. ಲಂಡನ್ನಿನ ಆಂಡ್ರ್ಯೂ ವೇಕ್‌ಫೀಲ್ಡ್ ಮತ್ತು ಸಂಗಡಿಗರು ಕೇವಲ 12 ಮಕ್ಕಳನ್ನು ಪರೀಕ್ಷಿಸಿ, ಕರುಳಿನ ಉರಿಯೂತ, ಸ್ವಲೀನತೆ, ಎಂ.ಎಂ.ಆರ್. ಲಸಿಕೆ ಇವುಗಳಿಗೆ ನಂಟಿರಬಹುದೆಂದು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದರು. ಡೆನ್ಮಾರ್ಕಿನಲ್ಲಿ ಐದು ಲಕ್ಷಕ್ಕೂ ಮಿಕ್ಕ ಮಕ್ಕಳನ್ನು ಅಧ್ಯಯನ ಮಾಡಿದಾಗ ಲಸಿಕೆಗೂ ಸ್ವಲೀನತೆಗೂ ನಂಟು ಕಾಣಲಿಲ್ಲ. 2010ರಲ್ಲಿ ಪತ್ರಿಕೆಯೇ ಲೇಖನವನ್ನು ಹಿಂತೆಗೆದುಕೊಂಡಿತು.

ಆದರೆ ಇದರಿಂದ ಮಗುವಿನ ಹೊಟ್ಟೆನೋವು ಸುಳ್ಳಾಗದು. ಸ್ವಲೀನತೆಯುಳ್ಳ ಮಕ್ಕಳಲ್ಲಿ ಮಲಬದ್ಧತೆ, ಹೊಟ್ಟೆನೋವು ಹೆಚ್ಚು. ಕರುಳಿನ ಸೂಕ್ಷ್ಮಾಣುಗಳೇ ಸ್ವಲೀನತೆಗೆ ಕಾರಣವೆಂಬ ವಾದವೂ ಇದೆ. ಆಯ್ದ ಒಂದೆರಡು ತಿನಿಸನ್ನೇ ತಿನ್ನುವ ಅಭ್ಯಾಸದಿಂದ ಸೂಕ್ಷ್ಮಾಣುಗಳು ಬದಲಾಗುತ್ತವೆಂದು 2021ರಲ್ಲಿ ಆಸ್ಟ್ರೇಲಿಯದ ಸಂಶೋಧಕರು ವಾದಿಸಿದರು. ಈ ಮಾತೇ ಹೆಚ್ಚು ಒಪ್ಪುವಂತಿದೆ. ಗೋಧಿ, ಹಾಲು ಬಿಡಿಸುವ ಪಥ್ಯಕ್ಕೆ ಬಲವಾದ ಆಧಾರವಿಲ್ಲ. ಜೋಳದ ರೊಟ್ಟಿಯ ನಮ್ಮ ಸೀಮೆಯಲ್ಲಿ ಗೋಧಿ ಬಿಡುವುದು ಸುಲಭ. ಬಡಮನೆಯ ಮಗುವಿಗೆ ಹಾಲು ತಪ್ಪಿಸಿದರೆ ಮಾತ್ರ ನಷ್ಟವೇ.

ಮಾತು ಬಾರದ ಮಗು ಒಮ್ಮೆಲೇ ತನ್ನ ಕೈ ಕಚ್ಚಿಕೊಂಡರೆ, ಬೆಂಚಿನ ಅಂಚಿಗೆ ಹೊಟ್ಟೆಯೊತ್ತಿ ನಿಂತರೆ, ಹಠವೆಂದು ಗದರಿಸಬಾರದು, ನೋವೂ ಇರಬಹುದು. ಮಗುವಿಗೆ ಮಲವಿಸರ್ಜನೆಯಾಗಿ ಎಷ್ಟು ದಿನವಾಯಿತೆಂದು ತಾಯಿಯನ್ನು ವಿಚಾರಿಸಿ, ಸರ್ಕಾರಿ ಆಸ್ಪತ್ರೆಗೆ ಕಳುಹಿಸುವಾಗ ತಾವು ಕಂಡುದನ್ನು ಚೀಟಿಯಲ್ಲಿ ಬರೆದುಕೊಡಬೇಕು. ಅಲ್ಲಿಯ ವೈದ್ಯರು ತೆಲುಗಿನಲ್ಲಿ ಕೇಳುವ ಪ್ರಶ್ನೆಗೆ ಕನ್ನಡದ ತಾಯಿ ತಡವರಿಸಬಹುದು.