ಜೀವರಾಶಿ ವಿದ್ಯುತ್ ಘಟಕಗಳಿಗೆ ಸೌದೆ ಪೂರೈಕೆ: ತೂಕ, ತೇವಾಂಶ ಮತ್ತು ದರ

ಸೌದೆ ಹಾಗೂ ಕೃಷಿ ತ್ಯಾಜ್ಯದಂತಹ ಜೀವರಾಶಿಯಿಂದ ವಿದ್ಯುತ್ ಉತ್ಪಾದಿಸಲು ತೊಂಡೇಬಾವಿ ಹೋಬಳಿಯಂತಹ ಒಣ ಬೇಸಾಯದ ಪ್ರದೇಶದಲ್ಲಿ ವಿಪುಲ ಅವಕಾಶವಿದೆಯೆಂದು ಮೇಲ್ನೋಟಕ್ಕೆ ಕಂಡುಬರುತ್ತದೆ. ಆದರೆ ಯಂತ್ರದ ಸ್ಥಾಪನೆಗಿಂತಲೂ, ವರ್ಷವಿಡೀ ಒಣ ಇಂಧನವನ್ನು ಕೈಗೆಟುಕುವ ದರದಲ್ಲಿ ಒದಗಿಸುವುದೇ ಕಠಿಣವಾದ ಕಾರ್ಯವಾಗಿರುತ್ತದೆ.

ಈ ದಿಸೆಯಲ್ಲಿ, ಗೌರಿಬಿದನೂರಿಗೆ ನೆರೆಯ ಕೊರಟಗೆರೆ ತಾಲ್ಲೂಕಿನ ಕಬ್ಬಿಗೆರೆ ಗ್ರಾಮದ ಅನುಭವವು ಗಮನಾರ್ಹವಾದುದು. ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ ಮತ್ತು ಜಾಗತಿಕ ಪರಿಸರ ನಿಧಿಯ ನೆರವಿನಿಂದ 2001ರಲ್ಲಿ ಆರಂಭಗೊಂಡ ‘ಬೆರಿ’ ಯೋಜನೆಯಡಿ, ಭಾರತೀಯ ವಿಜ್ಞಾನ ಸಂಸ್ಥೆಯ ತಂತ್ರಜ್ಞಾನವನ್ನು ಬಳಸಿ ಅಲ್ಲಿ 500 ಕಿಲೋವ್ಯಾಟ್ ಸಾಮರ್ಥ್ಯದ ಗ್ಯಾಸಿಫೈಯರ್ ಘಟಕವನ್ನು ಸ್ಥಾಪಿಸಲಾಯಿತು. 2007ರಿಂದ ಇದರ ವಿದ್ಯುತ್ತನ್ನು ಯೂನಿಟ್ಟಿಗೆ ರೂ. 2.85ರ ದರದಲ್ಲಿ ಬೆಸ್ಕಾಂಗೆ ಮಾರಲಾಯಿತು. ಸೌದೆಗಾಗಿ ಇಂಧನ ತೋಪುಗಳನ್ನೂ ಬೆಳೆಸಲಾಯಿತು.

ಇಂತಹ ಘಟಕದಲ್ಲಿ ಒಂದು ಯೂನಿಟ್ ಉತ್ಪಾದನೆಗೆ ಸುಮಾರು 1.3 ಕೆ.ಜಿ. ಒಣ ಸೌದೆ ಬೇಕಾಗುತ್ತದೆ. ಕೆ.ಜಿ.ಗೆ ಕೇವಲ ರೂ. 2 ಎಂದು ಇಟ್ಟುಕೊಂಡರೂ ಇಂಧನಕ್ಕೇ ರೂ. 2.60 ತಗಲುತ್ತದೆ. ಮೇಲಿನ ಮಾರಾಟ ದರದಲ್ಲಿ ಉಳಿಯುವ 25 ಪೈಸೆಯಲ್ಲಿ ಸೌದೆ ತುಂಡರಿಸುವ ಕೂಲಿ, ನಿರ್ವಾಹಕರ ವೇತನ ಹಾಗೂ ದುರಸ್ತಿ ವೆಚ್ಚಗಳನ್ನು ಭರಿಸಲು ಸಾಧ್ಯವಿಲ್ಲವೆಂಬುದು ಸ್ಪಷ್ಟ.

ತೇವಾಂಶದ ವಿಷಯವನ್ನು ಹಲವರು ಕಡೆಗಣಿಸುತ್ತಾರೆ. ಹೊಸದಾಗಿ ಕಡಿದ ಸೌದೆಯ ತೂಕದಲ್ಲಿ ಸುಮಾರು ಅರ್ಧದಷ್ಟು ನೀರೇ ಇರುತ್ತದೆ. ಅದನ್ನು ಶೇ. 15ರ ತೇವಾಂಶಕ್ಕೆ ಒಣಗಿಸಿದಾಗ 10 ಟನ್ ಸೌದೆಯು 6 ಟನ್ನಿಗಿಂತಲೂ ಕಡಿಮೆಯಾಗುತ್ತದೆ. ದಾಸ್ತಾನು ವಹಿಯಲ್ಲಿ ಹಸಿ ತೂಕವನ್ನೇ ನಮೂದಿಸಿದ್ದಲ್ಲಿ, ಉಳಿದ 4 ಟನ್ ಕಳವಾಗಿದೆಯೆಂದು ಲೆಕ್ಕಪರಿಶೋಧಕರು ಆಕ್ಷೇಪಿಸಿದರೂ ಆಶ್ಚರ್ಯವಿಲ್ಲ! ಆದುದರಿಂದ ಖರೀದಿ ದರವನ್ನು ತೇವಾಂಶಕ್ಕೆ ಅನುಗುಣವಾಗಿಯೇ ನಿಗದಿಪಡಿಸುವುದು ರೈತರಿಗೂ ಘಟಕಕ್ಕೂ ಕ್ಷೇಮಕರ.

ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಸೌದೆಗೆ ಬೇರೆ ಬೇಡಿಕೆಯೂ ಇದೆ. ಶಿಡ್ಲಘಟ್ಟದ ರೇಷ್ಮೆ ನೂಲು ಬಿಚ್ಚಾಣಿಕೆದಾರರು ಗೂಡು ಬೇಯಿಸಲು ಸೌದೆಯನ್ನು ಅವಲಂಬಿಸಿದ್ದಾರೆ. ಗ್ರಾಮಗಳಲ್ಲಿ ಬಡ ಕುಟುಂಬಗಳ ಒಲೆಯೂ ಅದರಿಂದಲೇ ಉರಿಯುತ್ತದೆ. ಘಟಕವು ಹೆಚ್ಚಿನ ಬೆಲೆ ನೀಡಿ ಇದೇ ಸೌದೆಯನ್ನು ಸೆಳೆದಲ್ಲಿ ಹೊರೆ ಬೀಳುವುದು ಇವರ ಮೇಲೆ. ನೀಲಗಿರಿಯನ್ನು ಹೊಸದಾಗಿ ಬೆಳೆಸುವುದನ್ನು ಸರ್ಕಾರವು 2017ರಲ್ಲಿ ನಿಷೇಧಿಸಿರುವುದರಿಂದ ಆ ಮಾರ್ಗವನ್ನೂ ನೆಚ್ಚುವಂತಿಲ್ಲ.

ಉಳಿದಿರುವುದು ಕೆರೆಯಂಗಳದ ಬಳ್ಳಾರಿ ಜಾಲಿ, ಬದುಗಳ ಮೇಲಿನ ಗ್ಲಿರಿಸಿಡಿಯಾ, ಮುಸುಕಿನ ಜೋಳದ ದಿಂಡು ಮತ್ತು ಕಡಲೆಕಾಯಿ ಸಿಪ್ಪೆ. ದಿಂಡು ಸುಗ್ಗಿಯಲ್ಲಿ ಮಾತ್ರ ದೊರೆಯುತ್ತದೆ. ಸಿಪ್ಪೆಯು ಹಗುರವಾಗಿದ್ದು, ದೂರ ಸಾಗಿಸಿದರೆ ಲಾರಿ ಬಾಡಿಗೆಯೇ ಅದರ ಬೆಲೆಯನ್ನು ಮೀರುವ ಸಂಭವವಿದೆ. ರಾಗಿ ಹುಲ್ಲು ಮತ್ತು ಕಡಲೆಕಾಯಿ ಬಳ್ಳಿ ಜಾನುವಾರುಗಳ ಮೇವಾದುದರಿಂದ ಇಂಧನದ ಲೆಕ್ಕಕ್ಕೆ ಸೇರಿಸಬಾರದು. ಗ್ಲಿರಿಸಿಡಿಯಾದ ಕೊಂಬೆಗಳನ್ನಷ್ಟೇ ಕೊಂಡು, ಸೊಪ್ಪನ್ನು ಗೊಬ್ಬರಕ್ಕಾಗಿ ಹೊಲದಲ್ಲಿಯೇ ಬಿಡತಕ್ಕದ್ದು.

ಈ ಭಾಗದಲ್ಲಿ ಸೆಪ್ಟೆಂಬರ್–ಅಕ್ಟೋಬರ್ ತಿಂಗಳುಗಳಲ್ಲಿ ಮಳೆ ಹೆಚ್ಚು. ಆದಕಾರಣ ಬೇಸಿಗೆಯಲ್ಲಿಯೇ ಸೌದೆಯನ್ನು ಒಣಗಿಸಿ, ಮಳೆಗಾಲಕ್ಕೆ ಸಾಲುವಷ್ಟು ದಾಸ್ತಾನನ್ನು ಸೂರಿನಡಿ ಸಂಗ್ರಹಿಸಿಕೊಳ್ಳುವುದು ಅವಶ್ಯಕ. ಈ ಸೂರಿನ ವೆಚ್ಚವನ್ನು ಯೋಜನಾ ವರದಿಯಲ್ಲಿಯೇ ತೋರಿಸತಕ್ಕದ್ದು.