ಪದ ಸೋಸುವ ಜರಡಿ

ಅಕ್ಕಿಯಿಂದ ನುಚ್ಚು ಬೇರ್ಪಡಿಸಲು ಒಂದೊಂದೇ ಕಾಳನ್ನು ಕೈಯಲ್ಲಿ ಹಿಡಿದು ನೋಡುವವರು ಯಾರೂ ಇಲ್ಲ. ಜರಡಿಯ ಕಣ್ಣಿನ ಅಳತೆ ಸರಿಯಾಗಿದ್ದರೆ ಸಾಕು. ಕಂಪ್ಯೂಟರಿನಲ್ಲಿರುವ ಲಕ್ಷಾಂತರ ಸಾಲುಗಳ ಪೈಕಿ ಬೇಕಾದವನ್ನಷ್ಟೇ ಸೋಸಿ ಕೊಡುವ ಇಂಥದೇ ಒಂದು ಜರಡಿ ಇದೆ. ಅದರ ಹೆಸರು ‘ಗ್ರೆಪ್’. 1973ರ ಯುನಿಕ್ಸ್ ನಾಲ್ಕನೇ ಆವೃತ್ತಿಯಲ್ಲಿ ಕಾಣಿಸಿಕೊಂಡ ಈ ಪುಟ್ಟ ಸಲಕರಣೆ ಅರ್ಧ ಶತಮಾನ ಕಳೆದರೂ ಮೂಲೆ ಸೇರಿಲ್ಲ. ಮೌಸ್ ಮುಟ್ಟದೆ, ಕೀಲಿಮಣೆಯಲ್ಲಿ ಒಂದು ಸಾಲಿನ ಆದೇಶ ಬರೆದು ಕೆಲಸ ಮಾಡಿಸುವವರಿಗೆ ಇದು ಇಂದಿಗೂ ಬಲಗೈ.

ಈ ಜರಡಿಯ ವಿಶೇಷವೆಂದರೆ, ಅದಕ್ಕೆ ಪದವನ್ನೇ ಕೊಡಬೇಕೆಂದಿಲ್ಲ. ಪದದ ‘ಆಕಾರ’ ಹೇಳಿದರೂ ಸಾಕು. ಆದರೆ ಆ ಆಕಾರವನ್ನು ಬಲ್ಲವನು ಹುಡುಕುವವನೇ ಆಗಿರಬೇಕು.

ಹಳೆಯ ವಿವಾದದ ನಂಟು

ಗ್ರೆಪ್‌ನ ಹುಟ್ಟಿಗೆ ಅಮೆರಿಕದ ಸಂವಿಧಾನದ ಇತಿಹಾಸದೊಡನೆ ನಂಟಿದೆ. ಆ ಸಂವಿಧಾನಕ್ಕೆ ಜನಬೆಂಬಲ ಗಳಿಸಲು 1787–88ರಲ್ಲಿ ‘ಪಬ್ಲಿಯಸ್’ ಎಂಬ ಗುಪ್ತನಾಮದಲ್ಲಿ 85 ಲೇಖನಗಳು ಪ್ರಕಟವಾದವು. ‘ಫೆಡರಲಿಸ್ಟ್ ಪೇಪರ್ಸ್’ ಎಂದು ಹೆಸರಾದ ಇವುಗಳನ್ನು ಬರೆದವರು ಅಲೆಕ್ಸಾಂಡರ್ ಹ್ಯಾಮಿಲ್ಟನ್, ಜೇಮ್ಸ್ ಮ್ಯಾಡಿಸನ್ ಮತ್ತು ಜಾನ್ ಜೇ. ಆದರೆ 12 ಲೇಖನಗಳು ಹ್ಯಾಮಿಲ್ಟನ್‌ನವೋ ಮ್ಯಾಡಿಸನ್‌ನವೋ ಎಂಬುದು ಬಹುಕಾಲ ತೀರ್ಮಾನವಾಗಲಿಲ್ಲ. ಸಂಖ್ಯಾಶಾಸ್ತ್ರಜ್ಞರಾದ ಮಾಸ್ಟೆಲರ್ ಮತ್ತು ವ್ಯಾಲೆಸ್ 1964ರಲ್ಲಿ ಸಣ್ಣಪುಟ್ಟ ಪದಗಳನ್ನು ಎಣಿಸಿ ಇದಕ್ಕೆ ಉತ್ತರ ಹುಡುಕಿದರು. ಹ್ಯಾಮಿಲ್ಟನ್ ‘ಅಪಾನ್’ ಎಂಬ ಪದವನ್ನು ಧಾರಾಳವಾಗಿ ಬಳಸುತ್ತಿದ್ದ. ಮ್ಯಾಡಿಸನ್ ಬಳಸಿದ್ದು ಅಪರೂಪ. ವಿವಾದಿತ ಲೇಖನಗಳು ಮ್ಯಾಡಿಸನ್‌ನವು ಎಂಬ ವಾದಕ್ಕೆ ಈ ಎಣಿಕೆಯಿಂದ ಬಲ ಬಂತು.

ನ್ಯೂಜೆರ್ಸಿಯ ಬೆಲ್ ಪ್ರಯೋಗಾಲಯದಲ್ಲಿದ್ದ ಲೀ ಮೆಕ್‌ಮಹೋನ್ ಅವರಿಗೂ ಇದೇ ಲೇಖನಗಳ ಮೇಲೆ ಆಸಕ್ತಿ. ಅವರ ಸಹೋದ್ಯೋಗಿ ಬ್ರಯಾನ್ ಕರ್ನಿಘನ್ ನೆನಪಿಸಿಕೊಂಡಿರುವಂತೆ, ಮೆಕ್‌ಮಹೋನ್‌ಗೆ ಎದುರಾದದ್ದು ಜಾಗದ ಸಮಸ್ಯೆ. ಅಂದು ಯುನಿಕ್ಸ್‌ನಲ್ಲಿ ಪಠ್ಯ ತಿದ್ದಲು ಬಳಸುತ್ತಿದ್ದ ‘ಎಡ್’ ಎಂಬ ತಂತ್ರಾಂಶಕ್ಕೆ ಹುಡುಕುವುದು ಗೊತ್ತಿತ್ತು. ಆದರೆ ಹತ್ತು ಲಕ್ಷ ಅಕ್ಷರ ಮೀರುವ ಆ ಲೇಖನಗಳು ಅದರ ಹೊಟ್ಟೆಗೆ ಹಿಡಿಸುತ್ತಿರಲಿಲ್ಲ. ಯುನಿಕ್ಸ್‌ನ ಜನಕರಲ್ಲೊಬ್ಬರಾದ ಕೆನ್ ಥಾಂಪ್ಸನ್ ‘ಎಡ್’ನ ಹುಡುಕುವ ಭಾಗವನ್ನು ಬೇರ್ಪಡಿಸಿ ಸ್ವತಂತ್ರ ಸಲಕರಣೆಯನ್ನಾಗಿ ಮಾಡಿದರು. ಅದು ಒಂದೊಂದೇ ಸಾಲನ್ನು ಓದುತ್ತದೆ, ಹೊಂದಿದರೆ ತೋರಿಸುತ್ತದೆ, ಇಲ್ಲವಾದರೆ ಬಿಟ್ಟು ಮುಂದೆ ಹೋಗುತ್ತದೆ. ಹೀಗಾಗಿ ಕಡತ ಎಷ್ಟೇ ದೊಡ್ಡದಿರಲಿ, ಪೂರ್ತಿಯಾಗಿ ನುಂಗಬೇಕಾಗಿಲ್ಲ. ‘ಎಲ್ಲೆಡೆ ಹುಡುಕು, ಈ ಮಾದರಿಯದನ್ನು, ಮುದ್ರಿಸು’ ಎಂಬರ್ಥದ ‘ಗ್ಲೋಬಲ್, ರೆಗ್ಯುಲರ್ ಎಕ್ಸ್‌ಪ್ರೆಷನ್, ಪ್ರಿಂಟ್’ ಎಂಬ ‘ಎಡ್’ ಆದೇಶದ ಮೊದಲಕ್ಷರಗಳೇ ಕೂಡಿ ‘ಗ್ರೆಪ್’ ಆಯಿತು.

ನರಕೋಶದಿಂದ ನಕ್ಷತ್ರಕ್ಕೆ

ಹೆಸರಿನ ನಡುವೆ ಕುಳಿತಿರುವ ‘ರೆಗ್ಯುಲರ್ ಎಕ್ಸ್‌ಪ್ರೆಷನ್’ ಬಂದದ್ದು ಗಣಿತದಿಂದ. ಮಿದುಳಿನ ನರಕೋಶಗಳು ಹೇಗೆ ಕೆಲಸ ಮಾಡುತ್ತವೆ ಎಂಬುದಕ್ಕೆ ಮೆಕಲಕ್ ಮತ್ತು ಪಿಟ್ಸ್ 1943ರಲ್ಲಿ ಒಂದು ಗಣಿತದ ಮಾದರಿ ರಚಿಸಿದ್ದರು. ಇಂಥ ಕೋಶಗಳ ಜಾಲವು ಯಾವ ಯಾವ ವಿನ್ಯಾಸಗಳನ್ನು ಗುರುತಿಸಬಲ್ಲದು? 1951ರಲ್ಲಿ ಸ್ಟೀಫನ್ ಕ್ಲೀನಿ ಈ ಪ್ರಶ್ನೆ ಕೈಗೆತ್ತಿಕೊಂಡು, ಅವನ್ನು ಬರೆದು ತೋರಿಸುವ ಸಂಕೇತಭಾಷೆಯೊಂದನ್ನು ರೂಪಿಸಿದರು. ಪುನರಾವರ್ತನೆಯನ್ನು ಸೂಚಿಸುವ ನಕ್ಷತ್ರ ಚಿಹ್ನೆ ಇಂದಿಗೂ ಅವರ ಹೆಸರಿನಲ್ಲೇ ಇದೆ. ಈ ಸಂಕೇತಗಳಿಂದ ಪಠ್ಯವನ್ನು ವೇಗವಾಗಿ ಹುಡುಕುವ ವಿಧಾನವನ್ನು ಥಾಂಪ್ಸನ್ 1968ರಲ್ಲಿ ಪ್ರಕಟಿಸಿದರು.

ಸಂಕೇತಗಳು ಬೆರಳೆಣಿಕೆಯಷ್ಟು. ‘^’ ಎಂದರೆ ಸಾಲಿನ ಆರಂಭ, ‘$’ ಎಂದರೆ ಅಂತ್ಯ. ಚುಕ್ಕಿಯು ಯಾವುದಾದರೂ ಒಂದು ಅಕ್ಷರಕ್ಕೆ ಸಲ್ಲುತ್ತದೆ. ನಕ್ಷತ್ರ ಬಂದರೆ ಅದರ ಹಿಂದಿನದು ಎಷ್ಟು ಸಲವಾದರೂ ಬರಬಹುದು, ಬಾರದೆಯೂ ಇರಬಹುದು. ಚೌಕ ಆವರಣವು ಅದರೊಳಗಿನವುಗಳಲ್ಲಿ ಒಂದನ್ನು ಒಪ್ಪುತ್ತದೆ. ಊರೊಂದರ ಚರಿತ್ರೆಯ ಕಡತವಿದೆ ಎನ್ನೋಣ. ‘19[0-9][0-9]’ ಎಂದರೆ 1900ರಿಂದ 1999ರವರೆಗಿನ ಯಾವುದೇ ಇಸವಿಯಿರುವ ಸಾಲುಗಳು ಬರುತ್ತವೆ. ‘ಕೆರೆ.*ಹೂಳು’ ಎಂದರೆ ಕೆರೆಯ ಮಾತು ಬಂದು, ಮುಂದೆ ಅದೇ ಸಾಲಿನಲ್ಲಿ ಹೂಳಿನ ಪ್ರಸ್ತಾಪವೂ ಇರುವಂಥವು. ಇದು ಇಲ್ಲವೇ ಅದು ಎನ್ನಲು ‘|’ ಗೆರೆಯಿದೆ. ಆಲ್ಫ್ರೆಡ್ ಅಹೋ ರಚಿಸಿದ ‘ಈಗ್ರೆಪ್’ ಈ ಸೌಲಭ್ಯ ತಂದಿತು.

ಕನ್ನಡದ ಕಗ್ಗಂಟು

ಇಂಗ್ಲಿಷಿಗೆ ಹೊಲಿದ ಅಂಗಿ ಕನ್ನಡಕ್ಕೆ ಹಿಡಿಸುತ್ತದೆಯೇ? ‘ಮರ’ ಎಂದು ಹುಡುಕಿದರೆ ಮರದ, ಮರಕ್ಕೆ, ಮರಗಳು ಬರುತ್ತವೆ. ಜೊತೆಗೆ ಅಮರ, ಮರಣವೂ ಬರುತ್ತವೆ. ಸೋಜಿಗವೆಂದರೆ ‘ಮರೆವು’ ಕೂಡ ಬರುತ್ತದೆ! ಯುನಿಕೋಡ್ ಪದ್ಧತಿಯಲ್ಲಿ ‘ರೆ’ ಎಂಬುದು ‘ರ’ ಮತ್ತು ಎತ್ವ ಎಂದು ಎರಡು ಸಂಕೇತಗಳಾಗಿ ದಾಖಲಾಗುವುದೇ ಇದಕ್ಕೆ ಕಾರಣ. ‘ಕ್ಷ’ ಕಣ್ಣಿಗೆ ಒಂದೇ ಅಕ್ಷರ, ಯಂತ್ರಕ್ಕೆ ಮೂರು ಸಂಕೇತ. ‘ಕೋ’ ಎಂಬುದರ ಸ್ವರಚಿಹ್ನೆಯನ್ನು ಇಡಿಯಾಗಿಯೂ ಬಿಡಿಬಿಡಿಯಾಗಿಯೂ ದಾಖಲಿಸಬಹುದು. ತೆರೆಯ ಮೇಲೆ ಎರಡೂ ಒಂದೇ; ಸಂಕೇತಗಳನ್ನು ಮೊದಲು ಏಕರೂಪಕ್ಕೆ ತಾರದಿದ್ದರೆ ಒಂದನ್ನು ಹುಡುಕಿದಾಗ ಇನ್ನೊಂದು ಸಿಗದು.

ಹಳೆಯ ಕಡತಗಳ ಪಾಡು ಇನ್ನೂ ಕಷ್ಟ. 1991ರಲ್ಲೇ ಯುನಿಕೋಡ್‌ನ ಮೊದಲ ಆವೃತ್ತಿಯಲ್ಲಿ ಕನ್ನಡಕ್ಕೆ ಸ್ಥಾನ ಸಿಕ್ಕಿದ್ದರೂ, ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದ ಫಾಂಟುಗಳು ವರ್ಷಗಟ್ಟಲೆ ಬಳಕೆಯಲ್ಲಿದ್ದವು. ಅವುಗಳಲ್ಲಿ ಬೆರಳಚ್ಚಾದ ಪುಸ್ತಕ, ಪತ್ರಿಕೆಗಳ ಕಡತಗಳನ್ನು ಪರಿವರ್ತಿಸದ ಹೊರತು ಗ್ರೆಪ್‌ಗೆ ಅಲ್ಲಿ ಕನ್ನಡವೇ ಕಾಣದು. ಪಠ್ಯ ಇದ್ದೂ ಇಲ್ಲದಂತೆ.

ಯುನಿಕೋಡ್‌ನಲ್ಲಿರುವ ಪಠ್ಯಕ್ಕೆ ಮಾತ್ರ ಒಳ್ಳೆಯ ದಾರಿಯಿದೆ. ‘ಮರ(ವನ್ನು|ದ|ಕ್ಕೆ|ಗಳು)’ ಎಂದು ವಿಭಕ್ತಿ, ವಚನಗಳನ್ನು ಸೇರಿಸಿ ಕೇಳಿದರೆ ಮರಣ, ಮರೆವುಗಳು ಹೊರಗುಳಿಯುತ್ತವೆ. ಶಾಲೆಯಲ್ಲಿ ಬಾಯಿಪಾಠ ಮಾಡಿ ಮರೆತ ವಿಭಕ್ತಿ ಪ್ರತ್ಯಯಗಳು ಇಲ್ಲಿ ಜರಡಿಯ ಕಣ್ಣುಗಳಾಗುತ್ತವೆ. ಗ್ರೆಪ್‌ಗೆ ವ್ಯಾಕರಣ ತಿಳಿಯದು, ಅರ್ಥವೂ ತಿಳಿಯದು. ಪದವು ಯಾವ ಯಾವ ರೂಪ ತಾಳೀತು ಎಂಬುದನ್ನು ಕನ್ನಡ ಬಲ್ಲವರೇ ಅದಕ್ಕೆ ಹೇಳಿಕೊಡಬೇಕು.